ಬಡೀಲಿಕ್ಕ ಉಳಿದ ಗಜ

ನಗಿ ಸುದ್ದಿ ಹುಡುಕ್ಕೊಂಡು ನಾನು ಯಾರ ಮನಿಗೂ ಹೋದಾಕಿ ಅಲ್ಲ. ವಾಡಿ ಬಜಾರದಾಗ ಅರಿವಿ ಅಂಗಡಿ ಕಟ್ಟಿ ಮ್ಯಾಲ ಬಳಿ ಬುಟ್ಟಿ ಇಟ್ಕೊಂಡು ಕುಂತ್ರ ಸಾಕು, ಅವೇ ನಡಕೊಂಡು ಬರ್ತಿದ್ದವು. ಬಳಿ ಇಡಿಸ್ಕೊಳ್ಳೋ ಹೆಣ್ಣುಮಗಳು ನಡುವ ಎದ್ದು ಹೋಗಂಗಿಲ್ಲ, ಬಾಯೂ ಮುಚ್ಚಂಗಿಲ್ಲ. ಹಿಂಗಾಗಿ ನನಗ ಗೊತ್ತಿರಲಾರದ್ದು ಆ ಊರಾಗ ಏನೂ ಇದ್ದಿಲ್ಲ. ನನಗ ಗೊತ್ತಾಗಿ ಊರಿಗೆ ಗೊತ್ತಾಗಲಾರದ್ದೂ ಇದ್ದಿಲ್ಲ.

೧. ನೊಣ

ಅಂಗಡಿ ಸಾವಕಾರ ದೇವರಂಥಾವ ಅಂತ ಎಲ್ಲರೂ ಅಂತಿದ್ರು. ಲಿಂಗಪೂಜಿ ಆಗದ ಹನಿ ನೀರು ಕುಡಿಯವ ಅಲ್ಲ. ಅವನ ಮುಪ್ಪಿನ ತಾಯಿ ಪ್ರತಿ ಶುಕ್ರವಾರ ಅಂಗಡಿಗಿ ಬಂದು, ಮೊದಲು ಕಂಡ ಮುತ್ತೈದಿಗಿ ಅಂಗಡಿದಾಗಿನ ಒಂದು ಕುಬಸದ ಖಣದ ಉಡಿ ತುಂಬಿ, ಯಾರಿಗೂ ಹೇಳದ ಮನಿಗೆ ಹೋಗ್ತಿದ್ದಳು. ಹೇಳಿ ಕೊಟ್ರ ಪುಣ್ಯ ಕಮ್ಮಿ ಆಗ್ತದಂತ.

ಸರಕಾರ ಗಜ ತಗದು ಮೀಟರ್ ತಂದಿತ್ತಲ್ಲ, ಆ ಹಳಿ ಕಬ್ಬಿಣದ ಗಜ ಅಳೀಲಿಕ್ಕ ಬ್ಯಾಡಾತು, ಬಡೀಲಿಕ್ಕ ಉಳೀತು. ಲಂಬಾಣಿ ತಾಂಡಾದ ಹುಡಿಗ್ಯಾರು ಬರಲಿ, ಹೊಲಗೇರಿ ಹುಡುಗರು ಬರಲಿ, ಸಾಬರ ಹುಡುಗರು ಬರಲಿ, ಹೊಸ್ತಿಲ ದಾಟಿದ ಕೂಡ್ಲೇ ಸಾವಕಾರ ಹಲಗಿ ಮ್ಯಾಲ ಎರಡು ಸಲ ಬಡೀತಿದ್ದ. ಟಕ್, ಟಕ್. ಒಳಗಿನ ಗುಮಾಸ್ತರು ತಿಳಕೊಳ್ಳೋರು: ಮಾರಿ ನೋಡಬ್ಯಾಡ, ಕೈ ನೋಡು.

ಒಂದಿನ ಪೊಲೀಸ್ ಫೌಜದಾರ ಧೋತ್ರ ನೋಡ್ಲಿಕತ್ತಿದ್ದ. ಹಲಗಿ ಮ್ಯಾಲ ಹಾಳಾದ ನೊಣ ಬಂದು ಕುಂತಿತು. ಸಾವಕಾರ ಗಜ ತಗೊಂಡು ಬಡದ. ತಪ್ಪಿತು. ಮತ್ತ ಬಡದ. ಗುಮಾಸ್ತರಿಬ್ಬರೂ ಬಂದು ಫೌಜದಾರನ ಎಡಕ್ಕೊಬ್ಬ ಬಲಕ್ಕೊಬ್ಬ ನಿಂತು ಕೈ ನೋಡ್ಲಿಕ್ಕ ಸುರು ಮಾಡಿದ್ರು. ಫೌಜದಾರ ತನ್ನ ಕೈ ತಾನೇ ತಿರುವ್ಯಾಡಿ ನೋಡ್ಕೊಂಡ. ಮುಂಜಾನಿಂದ ಆ ಕೈ ಎಲ್ಲೆಲ್ಲಿ ಹೋಗಿ ಬಂದಿತ್ತೋ, ಗಡಿಬಿಡಿಲೆ ಕಿಸೆದಾಗ ಹೊಕ್ಕಿತು. ಧೋತ್ರ ಅಲ್ಲೇ ಉಳೀತು.

೨. ಮೆಲ್ಲಕ

ಅದೇ ಕಟ್ಟಿ ಮ್ಯಾಲ ದರ್ಜಿ ಚಾಚಾನ ಮಿಶನ್ ಇತ್ತು. ಅವನ ಮಗ ಹೈಸ್ಕೂಲಿನಾವ, ಈದ್ ಸಲುವಾಗಿ ಅಂಗಿ ಅರಿವಿ ಆರಿಸ್ಲಿಕ್ಕ ಒಳಗ ಹ್ವಾದ. ಟಕ್, ಟಕ್.

ಚಾಚಾ ಮಿಶನ್ ನಿಲ್ಲಿಸಿ ಎದ್ದು ಬಂದ. "ಸಾವಕಾರ್ರ, ನಿಮ್ಮಣ್ಣನ ಮಗಂದೂ ಇದೇ ವಯಸ್ಸು. ಅವ ಬಂದ್ರ ಯಾಕ ಬಡಿಯಂಗಿಲ್ಲ?"

"ಅವ ನಮ್ಮ ಮನಿ ಹುಡುಗ."

"ಇವನೂ ಒಬ್ಬರ ಮನಿ ಹುಡುಗನೇ ಅದಾನ್ರಿ."

"ಚಾಚಾ, ನಾ ಯಾರಿಗೆ ಕಳ್ಳ ಅಂದೀನಿ? ಕಬ್ಬಿಣ ತಗೊಂಡು ಕಟ್ಟಿಗಿಗಿ ಬಡದೀನಿ. ಕಟ್ಟಿಗಿಗಿ ಸಿಟ್ಟು ಬಂದದೇನು, ಕೇಳ್ರಿ."

ಯಾರೂ ಕೇಳಲಾರದ ನಾನೂ ಬಾಯಿ ಹಾಕಿದೆ. "ಕದಿಲಾರದವರಿಗೆ ಅಂಜಿಕಿ ಯಾಕ ಚಾಚಾ?"

ಚಾಚಾ ನನ್ನ ಕಡಿ ತಿರುಗಿದ. "ನಿನಗ ಒಂದು ಸಲ ಬಡೀಲಿ ತಂಗಿ. ಆಮ್ಯಾಲ ಮಾತಾಡು."

ಸಾವಕಾರಗ ಮನಸ್ಸಿನಾಗ ಚುಚ್ಚಿತೋ ಏನೋ, ಚಾಚಾನ ಹೆಗಲ ಮ್ಯಾಲ ಕೈ ಇಟ್ಟು ಅಂದ: "ನಿಮ್ಮ ಮಗ ಅಂತ ಗೊತ್ತಿತ್ತು ಚಾಚಾ. ಅದಕ್ಕ ಮೆಲ್ಲಕ ಬಡದೀನಿ."

ಹುಡುಗ ಈದಿಗಿ ಹಳಿ ಅಂಗಿನೇ ಹಾಕ್ಕೊಂಡ.

೩. ಬಿಳಿ ಸೀರಿ

ತಾಂಡಾದಾಗ ಮ್ಯಾಟ್ರಿಕ್ ಪಾಸಾದಾಕಿ ಒಬ್ಬಾಕೀನೇ ಇದ್ದಳು. ಕಲಬುರಗಿದಾಗ ಮಾಸ್ತರ್ತಿ ಟ್ರೇನಿಂಗಿಗಿ ಸೀಟು ಸಿಕ್ಕಿತ್ತು. ಚೊಲೊ ನಡತಿ ಅದ ಅಂತ ಹೆಡ್ಮಾಸ್ತರ್ ಬರದು ಕೊಡೋ ಪತ್ರ ಒಂದು ಬೇಕಿತ್ತು, ಉಡ್ಲಿಕ್ಕ ಬಿಳಿ ಸೀರಿ ಬೇಕಿತ್ತು. ಒಂದು ಶುಕ್ರವಾರ ಸೀರಿ ತಗೊಳ್ಳಿಕ್ಕ ಬಂದಳು. ಟಕ್, ಟಕ್.

ಆಕಿ ಇನ್ನೂ ಸೀರಿ ಅಂಚು ನೋಡ್ಲಿಕತ್ತಿದ್ದಳು, ಗುಮಾಸ್ತ ಕೂಗಿದ: "ಹಸರ ಖಣ ಒಂದು ಕಾಣವಲ್ದು!"

ನಾ ಯಾರಿಗೋ ಬಳಿ ಇಡ್ಲಿಕತ್ತಿದ್ದೆ. ಬಳಿ ಬಿಟ್ಟು ಎದ್ದು ನಿಂತು ಒದರಿದೆ. "ಆಕಿ ಲಂಗದ ನೆರಿಗಿ ಝಾಡಸ್ರಿ! ಅದರಾಗ ಎತ್ತಿನ ಗಾಡಿ ಹಿಡಿತದ!"

ಬಜಾರಕ್ಕ ಬಜಾರೇ ನಕ್ಕಿತು. ಹುಡಿಗಿ ಅಳಲಿಲ್ಲ. ಎಲ್ಲರ ಮುಂದ ನೆರಿಗಿ ಒಂದೊಂದೇ ಝಾಡಿಸಿದಳು. ಕೆಳಗ ಬಿದ್ದದ್ದು ಒಂದು ಪೆನ್ಸಿಲ್, ಮಡಚಿದ ಸೀಟಿನ ಕಾಗದ. ಅವೆರಡು ಆರಿಸ್ಕೊಂಡು, ಸೀರಿ ಬಿಟ್ಟು ಹ್ವಾದಳು.

ಏನೂ ಸಿಗಲಿಲ್ಲಲ್ಲ, ಸುಮ್ಮನಿರಬೇಕಿತ್ತು. ನನ್ನ ನಾಲಿಗಿ ಇರಬೇಕಲ್ಲ! ವಾಡಿದಾಗ ನಾ ಹೇಳಿದ್ದು ಒಂದು ಖಣ. ರೈಲ್ ಹತ್ತಿ ಶಹಾಬಾದ ಮುಟ್ಟೋದ್ರಾಗ ಅದು ಇಡೀ ಅರಿವಿ ಥಾನು ಆಗಿತ್ತು. ಬಸ್ ಹಿಡದು ಚಿಂಚೋಳಿಗಿ ಹ್ವಾದ್ರ, ಅಲ್ಲಿ ನನ್ನ ನೆಗೆಣ್ಣಿ ನನಗೇ ಕೇಳಿದಳು: "ನಿಮ್ಮೂರಾಗ ತಾಂಡಾದ ಹುಡಿಗಿ ಅಂಗಡಿ ಬಾಗಲಾನೂ ಕಿತ್ಕೊಂಡು ಹ್ವಾದಳಂತಲ್ಲ, ಖರೇ ಏನು?"

ಸುದ್ದಿ ಹೆಡ್ಮಾಸ್ತರ್ ಕಿವಿಗೂ ಬಿತ್ತು. ಪತ್ರ ಬರೀಲಿಲ್ಲ.

೪. ಬುಟ್ಟಿ ಹುಲ್ಲು

ಪಂಚಮಿಗಿ ಸಾವಕಾರನ ಮನಿಗಿ ಬಳಿ ಇಡ್ಲಿಕ್ಕ ಹೋಗಿದ್ದೆ. ಮುದುಕಿ ಮುಂಗೈ ಹಿಡದು, ನೀರು ಹಚ್ಚಿ ಬಳಿ ಏರಸ್ಲಿಕತ್ತೀನಿ, ಆಕಿ ಕೇಳಿದಳು: "ಏನವ್ವಾ, ಅವತ್ತು ಶುಕ್ರವಾರ ನಿನಗಿಟ್ಟ ಉಡಿ ಖಣ ಹೊಲಿಸ್ಲೇ ಇಲ್ಲೇನು? ಹಸರ ಬಣ್ಣ ಮನಸ್ಸಿಗಿ ಬರಲಿಲ್ಲೇನು?"

"ನನಗ ಯಾವಾಗ ಕೊಟ್ರಿ ಆಯಿ?"

"ನಿನ್ನ ಕೈ ಬಳಿದಾಗ ಇತ್ತು. ಬುಟ್ಟಿದಾಗ ಹುಲ್ಲಿನ ಬುಡಕ ಇಟ್ಟು ಮನಿಗಿ ಬಂದೆ."

ಹುಲ್ಲಿನಾಗ ಕೈ ಹಾಕಿದೆ. ಬಳಿ ಒಡಿಬಾರದಂತ ಹಾಸಿದ ಆ ಹುಲ್ಲಿನ ಬುಡಕ ಹಸರ ಖಣ ಬೆಚ್ಚಗ ಕುಂತಿತ್ತು. ನಾ ಬಜಾರದಾಗ ನಿಂತು ಒದರಿದಾಗೂ ಅದು ನನ್ನ ಕಾಲಬುಡಕೇ ಇತ್ತು.

ಅಲ್ಲೇ ಕುಂತಿದ್ದ ಸಾವಕಾರ ನಕ್ಕು ನಕ್ಕು ಕೆಮ್ಮಿದ. "ಕಳುವಿನ ಮಾಲು ನಿನ್ನ ಬುಟ್ಟಿದಾಗ! ಹೋಗ್ಲಿ ಬಿಡು, ನೀ ನಮ್ಮಾಕೀನೇ ಅದಿ." ಮರುದಿನ ಕಟ್ಟಿಗಿ ಹ್ವಾದ್ರ ನನಗ ಯಾರೂ ಗಜ ಬಡೀಲಿಲ್ಲ. ಚಾಚಾ ಮಾತ್ರ ಮಿಶನ್ ನಿಲ್ಲಿಸಿ ಕಾದ, ಬಡೀತಾರೇನಂತ.

ಹೆಡ್ಮಾಸ್ತರ್ ಹಂತ್ಯಾಕ ಹ್ವಾದೆ. "ಈಗ ಪತ್ರ ಬರದ್ರೇನು ಬರ್ತದವ್ವಾ, ಸೀಟು ಬ್ಯಾರೇದವರಿಗಿ ಹ್ವಾತು" ಅಂದ್ರು. ಕಟ್ಟಿ ಮ್ಯಾಲ ಕುಂತು ಬಂದವರಿಗೆಲ್ಲ ಖರೇ ಹೇಳಿದೆ. ಎಲ್ಲರೂ ನಕ್ಕರು, ಬಳಿ ಇಡಿಸ್ಕೊಂಡು ಹ್ವಾದರು. ಈ ಸುದ್ದಿ ಮಾತ್ರ ರೈಲ್ ಹತ್ತಲೇ ಇಲ್ಲ.

೫. ಕಲ್ಲಿನ ಖಣಿ

ಖಣ ಮಡಚ್ಕೊಂಡು ಶಹಾಬಾದ ಕಡಿ ಫರಸಿ ಕಲ್ಲಿನ ಖಣಿಗಿ ಹ್ವಾದೆ. ಹುಡಿಗಿ ಅಲ್ಲಿ ಕಲ್ಲು ಹೊರ್ಲಿಕತ್ತಿದ್ದಳು. ತಲಿ ಮ್ಯಾಲಿನ ಸಿಂಬಿ ತಗದು, ನನ್ನ ಗುರುತು ಹಿಡದು, ತಾನಾಗೇ ಎರಡೂ ಕೈ ಮುಂದ ಚಾಚಿ ತೋರಿಸಿದಳು. ಬಿಳಿ ಕಲ್ಲಿನ ಧೂಳು ಮೊಣಕೈ ತನಕ ಹತ್ತಿತ್ತು.

ನಾ ಬುಟ್ಟಿ ಕೆಳಗ ಇಟ್ಟೆ. ಆದದ್ದೆಲ್ಲ ಹೆಂಗೋ ಹೇಳಿದೆ. ಖಣ ಮುಂದ ಹಿಡದೆ. "ತಪ್ಪಾತವ್ವಾ. ಇದನ್ನ ತಗೋ, ಕುಬಸ ಹೊಲಿಸ್ಕೋ."

ಆಕಿ ಖಣ ಮುಟ್ಟಲಿಲ್ಲ. ಹಸರ ಬಣ್ಣ ಮಾತ್ರ ಭಾಳ ಹೊತ್ತು ನೋಡಿದಳು. ಆಮ್ಯಾಲ ನನ್ನ ಮಾರಿ ನೋಡಿ ನಕ್ಕಳು.

"ಬ್ಯಾಡ ಬಳಿಯವ್ವಾ. ಇದನ್ನ ತೊಟ್ಕೊಂಡು ನಾ ಬಜಾರಕ್ಕ ಬಂದ್ರ, ಕಳುವಾದ ಖಣ ಇದೇ ಅಂತ ಎಲ್ಲರಿಗಿಂತ ಮೊದಲು ಒದರಾಕಿ ನೀನೇ."

ಖಣಿದಾಗಿನ ಹೆಣ್ಣುಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಕಿ ಸಿಂಬಿ ಇಟ್ಕೊಂಡು ಕಲ್ಲು ಎತ್ತಿದಳು.

ಖಣ ಇನ್ನೂ ನನ್ನ ಬುಟ್ಟಿದಾಗೇ ಅದ, ಹುಲ್ಲಿನ ಬುಡಕ.