ಕಾಯಿಲೆಗಿಂತ ಮೊದಲೇ ಬರುವ ಸಿಸ್ಟರ್

ಕಾಯಿಲೆ ಬಂದ ಮೇಲೆ ಬರುವ ಸಿಸ್ಟರಿಗೆ ಜನ ಕುರ್ಚಿ ಕೊಡುತ್ತಾರೆ, ಎಳನೀರು ಕೊಡುತ್ತಾರೆ. ಕಾಯಿಲೆಗಿಂತ ಮೊದಲೇ ಬಂದರೆ, "ಇವರು ಎಂತಕ್ಕೆ ಬಂದದ್ದು?" ಎಂದು ಮುಖ ನೋಡುತ್ತಾರೆ. ಕೆಲಸದ ಜಾಗಗಳಿಗೆ ಹೋಗಿ, ಅಲ್ಲಿನವರು ಕಾಯಿಲೆ ಬೀಳದ ಹಾಗೆ ನೋಡಿಕೊಳ್ಳುವುದೇ ನನ್ನ ಉದ್ಯೋಗ. ಹಾಗಾಗಿ ಇಂಥದ್ದೆಲ್ಲ ನನಗೆ ಆಗುತ್ತಲೇ ಇರುತ್ತದೆ.

ಕಾಪುವಿನ ಮೀನು

ಹೆದ್ದಾರಿ ಬದಿಯ ಒಂದು ಟಯರ್ ಅಂಗಡಿಯಲ್ಲಿ ಕೆಲಸದವರಿಬ್ಬರಿಗೆ ಡೆಂಗ್ಯೂ ಬಂದಿತ್ತು. ಹೋಗಿ ನೋಡಿದರೆ ಹಿತ್ತಿಲಿನಲ್ಲಿ ಹಳೆ ಟಯರುಗಳ ರಾಶಿ, ಒಳಗೆಲ್ಲ ಮಳೆನೀರು. ಟಾರ್ಚ್ ಹಾಕಿ ಮಾಲಕರಿಗೆ ತೋರಿಸಿದೆ. ನೀರಿನಲ್ಲಿ ಸೊಳ್ಳೆಯ ಮರಿಗಳು ಕುಣಿಯುತ್ತಿದ್ದವು.

"ಅದು ಮೀನಿನ ಮರಿ ಸಿಸ್ಟರ್," ಎಂದರು ಅವರು. "ನಾನು ಸಮುದ್ರದ ಬದಿಯಲ್ಲಿ ಹುಟ್ಟಿದವ. ನನಗೆ ಗೊತ್ತಿಲ್ವಾ?"

"ಟಯರಿನೊಳಗೆ ಮೀನು ಎಲ್ಲಿಂದ ಬಂತು?"

"ಮಳೆಯೊಟ್ಟಿಗೆ."

ವಾದ ಮಾಡಿ ಸುಖವಿಲ್ಲ ಅನ್ನಿಸಿತು. ಅದೇ ನೀರನ್ನು ಒಂದು ಬಾಟ್ಲಿಗೆ ತುಂಬಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಅವರ ಮೇಜಿನ ಮೇಲಿಟ್ಟೆ. "ಸಾಕಿ ನೋಡಿ. ದೊಡ್ಡದಾದರೆ ಸಾರು ಮಾಡುವ," ಎಂದು ಹೇಳಿ ಬಂದೆ.

ಒಂದು ಬೆಳಿಗ್ಗೆ ಫೋನು. "ಸಿಸ್ಟರ್, ಮೀನಿಗೆ ರೆಕ್ಕೆ ಬಂತು ಮಾರಾಯ್ರೆ!"

ನಾನು ತಲುಪುವಷ್ಟರಲ್ಲಿ ಟಯರುಗಳ ನೀರು ಚೆಲ್ಲಿ, ಎಲ್ಲವನ್ನೂ ಮಳೆ ತಾಗದ ಹಾಗೆ ಶೀಟಿನ ಮಾಡಿನಡಿ ಸೇರಿಸಿಯಾಗಿತ್ತು. ಆ ಮಳೆಗಾಲದಲ್ಲಿ ಅಲ್ಲಿ ಮತ್ತೆ ಯಾರಿಗೂ ಜ್ವರ ಬರಲಿಲ್ಲ. ಮಾಲಕರು ಈಗ ಅಕ್ಕಪಕ್ಕದ ಗ್ಯಾರೇಜುಗಳಿಗೆ ಹೋಗಿ ಟಾರ್ಚ್ ಹಾಕುತ್ತಾರಂತೆ. ಯಾರಾದರೂ ಎದುರು ಹೇಳಿದರೆ ಒಂದೇ ಮಾತು: "ಇದು ಮೀನಲ್ಲ ಮಾರಾಯ. ನಾನು ಸಾಕಿ ನೋಡಿದವ."

ಚಟ್ನಿ ಯಾರದ್ದು?

ಉಡುಪಿಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ವಾಂತಿಭೇದಿ ಎಂದು ರಜೆ ಹಾಕುತ್ತಿದ್ದರು. ಸೋಪು ಹಿಡಿದು ಪಾಠ ಸುರುಮಾಡಿದೆ. ಮುಖ್ಯ ಅಡುಗೆಯ ಭಟ್ರಿಗೆ ಸಿಟ್ಟು ಬಂತು. "ನನಗೆ ಕೈ ತೊಳೆಯಲು ಕಲಿಸುವುದಾ?"

"ನಿಮಗಲ್ಲ ಭಟ್ರೇ. ಒಳಗೆ ಬರುವ ಬೇರೆಯವರಿಗೆ ಕಲಿಸಲಿಕ್ಕೆ ನೀವೇ ಆಗಬೇಕು," ಎಂದೆ. ಅವರ ಮುಖ ಅರಳಿತು.

ಮುಂದಿನ ಸಲ ಹೋದಾಗ ನನ್ನೆದುರೇ ಧಣಿಗಳು ಗಲ್ಲಾಪೆಟ್ಟಿಗೆಯಿಂದ ಎದ್ದು ಒಳಗೆ ಬಂದು, ರುಚಿ ನೋಡಲೆಂದು ಚಟ್ನಿ ಪಾತ್ರೆಗೆ ಬೆರಳು ಚಾಚಿದರು. ಭಟ್ರು ಸೌಟು ಅಡ್ಡ ಹಿಡಿದರು.

"ಕೈ ತೊಳೆಯಿರಿ ಧಣಿ."

"ಹೋಟೆಲ್ ನನ್ನದು ಭಟ್ರೇ."

"ಚಟ್ನಿ ನನ್ನದು."

ಧಣಿಗಳು ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ. ಬೇರೆ ದಾರಿ ಕಾಣದೆ ಅವರು ನಲ್ಲಿಗೆ ಹೋಗಿ, ಸೋಪು ಹಾಕಿ ತೊಳೆದು, ಎರಡೂ ಕೈ ಚಾಚಿ ನಿಂತರು. ಭಟ್ರು ತಿರುಗಿಸಿ ಮುರುಗಿಸಿ ನೋಡಿ ಹೇಳಿದರು: "ಹೆಬ್ಬೆರಳು ಬಿಟ್ಟುಹೋಗಿದೆ. ಇನ್ನೊಮ್ಮೆ."

ಮಣಿಪಾಲದ ಮೀಟಿಂಗು

ಮಣಿಪಾಲದ ಒಂದು ಆಫೀಸಿನ ದೊಡ್ಡ ಸಾಹೇಬರಿಗೆ ಬಿಪಿಯೂ ಇತ್ತು, ಶುಗರೂ ಇತ್ತು. ನಡೆಯಿರಿ ಎಂದರೆ, "ಮೀಟಿಂಗ್ ಬಿಟ್ಟು ಎಲ್ಲಿ ನಡೆಯುವುದು?" ಎನ್ನುತ್ತಿದ್ದರು. ಅದು ಸುಳ್ಳಲ್ಲ. ಮೀಟಿಂಗಿನಲ್ಲಿ ಅವರು ಮಾತಿಗೆ ಸುರುಮಾಡಿದರೆ ಊಟದ ಹೊತ್ತು ದಾಟುತ್ತಿತ್ತು. ಸಿಬ್ಬಂದಿಗೆ ಗ್ಯಾಸ್ಟ್ರಿಕ್ ಆದದ್ದೇ ಹಾಗೆ.

"ಹಾಗಾದರೆ ನಡೆಯುತ್ತಲೇ ಮೀಟಿಂಗ್ ಮಾಡಿ ಸರ್," ಎಂದೆ.

ಸಾಹೇಬರಿಗೆ ಹಿಡಿಸಿತು. ಮಾರನೇ ದಿನವೇ ಎಲ್ಲರನ್ನೂ ಕರೆದುಕೊಂಡು ಹೊರಟರು. ಆ ಊರಿನ ರಸ್ತೆಗಳೋ, ಬರೀ ಏರು. ಅರ್ಧ ಏರುವಷ್ಟರಲ್ಲಿ ಅವರಿಗೆ ಏದುಸಿರು ಬಂದು ಮಾತೇ ನಿಂತಿತು. "ಉಳಿದದ್ದು ನಾಳೆ," ಎಂದರು. ಸಿಬ್ಬಂದಿಯ ಸಂತೋಷ ಹೇಳತೀರದು. ಹೊತ್ತಿಗೆ ಸರಿಯಾಗಿ ಊಟ, ಗ್ಯಾಸ್ಟ್ರಿಕ್ ಮಾಯ. ಆ ಆಫೀಸಿಗೆ ಹೋದಾಗಲೆಲ್ಲ ನನಗೆ ಉಪಚಾರವೇ ಉಪಚಾರ.

ಕೆಲವು ತಿಂಗಳು ಕಳೆದು ಪರೀಕ್ಷೆ ಮಾಡಿದಾಗ ಸಾಹೇಬರ ಬಿಪಿ ಇಳಿದಿತ್ತು, ಶುಗರು ಹತೋಟಿಗೆ ಬಂದಿತ್ತು. ನಾನು ಗೆದ್ದ ಖುಷಿಯಲ್ಲಿ ಹೊರಗೆ ಬಂದರೆ ಸಿಬ್ಬಂದಿ ಸಪ್ಪೆ ಮುಖ ಹಾಕಿಕೊಂಡು ಸುತ್ತುವರಿದರು.

"ಎಂತಾಯಿತು?"

"ಸಾಹೇಬರಿಗೆ ಈಗ ಏದುಸಿರು ಬರುವುದಿಲ್ಲ ಸಿಸ್ಟರ್. ಏರಿನಲ್ಲೂ ಮಾತಾಡುತ್ತಾರೆ."

ಕಾರ್ಕಳದ ಚಿಲಕ

ಕಾರ್ಕಳದ ಬದಿಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಹೆಂಗಸರಿಗೆ ಪದೇಪದೇ ಉರಿಮೂತ್ರ. ಕಾರಣ ಸುಲಭ, ಯಾರೂ ನೀರು ಕುಡಿಯುತ್ತಿರಲಿಲ್ಲ. ನಾನು ಬುದ್ಧಿ ಹೇಳಲು ಹೊರಟಾಗ ಅವರಲ್ಲಿ ಹಿರಿಯಳಾದ ಒಬ್ಬಳು ಅಕ್ಕ ನಕ್ಕಳು. "ಕುಡಿಯುವುದು ಕಷ್ಟವಾ ಸಿಸ್ಟರ್? ಆಮೇಲಿನದ್ದು ಕಷ್ಟ."

ಹೋಗಿ ನೋಡಿದೆ. ಹೆಂಗಸರ ಶೌಚಾಲಯಕ್ಕೆ ಚಿಲಕ ಇಲ್ಲ, ಬಲ್ಬು ಇಲ್ಲ, ನಲ್ಲಿಯಲ್ಲಿ ನೀರಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿಯಬೇಕು. ಮ್ಯಾನೇಜರರನ್ನು ಕೇಳಿದರೆ, "ನೋಡುವ, ನೋಡುವ. ಮೊದಲು ನೀರು ಕುಡಿಯಲು ಹೇಳಿ," ಎಂದರು.

"ನೀವೇ ಕುಡಿದು ತೋರಿಸಿದರೆ ಅವರಿಗೂ ಧೈರ್ಯ ಬರುತ್ತದೆ ಸರ್."

ಮ್ಯಾನೇಜರರು ಎಲ್ಲರೆದುರು ನಿಂತು ದೊಡ್ಡ ಬಾಟ್ಲಿಯ ನೀರನ್ನು ಒಂದೇ ಉಸಿರಿಗೆ ಮುಗಿಸಿ ಮೀಸೆ ಒರೆಸಿಕೊಂಡರು. ಚಪ್ಪಾಳೆ ಬಿತ್ತು, ಇನ್ನೊಂದು ಬಾಟ್ಲಿ ಕುಡಿದರು. ನಾನು ಆ ದಿನ ಭಾಷಣವನ್ನು ಸ್ವಲ್ಪ ಉದ್ದ ಮಾಡಿದೆ. ಮ್ಯಾನೇಜರರು ಕಾಲು ಬದಲಿಸಿದರು, ಗಡಿಯಾರ ನೋಡಿದರು, ಕೊನೆಗೆ ಆಫೀಸಿನ ಕಡೆಗೆ ಓಡಿದರು. ಅಲ್ಲಿನ ಶೌಚಾಲಯಕ್ಕೆ ಬೀಗ! ಕೀಲಿಕೈ ಇದ್ದ ಗುಮಾಸ್ತರು ಪೇಟೆಗೆ ಹೋಗಿದ್ದರು. ಅಲ್ಲಿಂದ ತಿರುಗಿ ಓಡಿದವರು ಹೆಂಗಸರದ್ದಕ್ಕೇ ನುಗ್ಗಿದರು.

ಒಳಗಿನಿಂದ ಕೂಗು. "ಯಾರಾದರೂ ಬಾಗಿಲು ಹಿಡಿಯಿರಿ ಮಾರಾಯ್ರೆ!"

ಆ ಹಿರಿಯ ಅಕ್ಕ ನಿಧಾನವಾಗಿ ಹೋಗಿ ಬಾಗಿಲಿಗೆ ಕೈ ಕೊಟ್ಟಳು. "ಹಿಡಿದಿದ್ದೇನೆ ಸರ್. ಚಿಲಕ ಯಾವಾಗ?"

"ನೋಡುವ!"

ಅಕ್ಕ ಕೈ ಸ್ವಲ್ಪ ಸಡಿಲ ಮಾಡಿದಳು. ಬಾಗಿಲು ಕಿರ್ರೆಂದಿತು.

"ಇವತ್ತೇ! ಇವತ್ತೇ!"

"ಬಲ್ಬು?"

"ಬಲ್ಬೂ!"

"ನಲ್ಲಿ?"

"ಎಲ್ಲ ಇವತ್ತೇ ಅಕ್ಕಾ, ಬಾಗಿಲು ಬಿಡಬೇಡಿ!"

ಸಂಜೆಯೊಳಗೆ ಮೂರೂ ಆಯಿತು. ನಾನು ಮತ್ತೆ ಹೋದಾಗ ಉರಿಮೂತ್ರ ಎನ್ನುವವರು ಯಾರೂ ಇರಲಿಲ್ಲ. ಪ್ರತಿಯೊಬ್ಬಳ ಬದಿಯಲ್ಲೂ ಒಂದೊಂದು ನೀರಿನ ಬಾಟ್ಲಿ ಇತ್ತು. ಇಲ್ಲದೆ ಇದ್ದದ್ದು ಮ್ಯಾನೇಜರರ ಮೇಜಿನ ಮೇಲೆ ಮಾತ್ರ.