ಕರೆಗಂಟೆ ಒತ್ತದ ಸೌಜನ್ಯಕ್ಕೆ ಮೂರು ವರ್ಷ

ಪೆರೋಲ್ ಮಂಡಳಿಯ ಮಾನ್ಯ ಅಧ್ಯಕ್ಷರ ಸನ್ನಿಧಾನಕ್ಕೆ,

ಕೈದಿ ಸಂಖ್ಯೆ ನಾನೂರ ಹದಿನೆಂಟರ ಹೆಂಡತಿಯೂ ಹತ್ತು ತಿಂಗಳ ಮಗಳ ತಾಯಿಯೂ ಆದ ನಾನು, ನಿದ್ದೆಗೆಟ್ಟ ಕಣ್ಣುಜ್ಜಿಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ, ಜಗಳದಲ್ಲಿ ಒಬ್ಬರ ದವಡೆ ಮುರಿದ ನಮ್ಮ ಯಜಮಾನರಿಗೆ ಆರು ವರ್ಷ ಶಿಕ್ಷೆಯಾದದ್ದು ನ್ಯಾಯವೇ. ಅದರಲ್ಲಿ ನನ್ನ ತಕರಾರಿಲ್ಲ. ಒಂದು ವರ್ಷ ಮುಗಿದ ಮೇಲೆ ಅವರ ಪೆರೋಲ್ ಅರ್ಜಿಯನ್ನು ಕೈಗೆತ್ತಿಕೊಂಡು, ಮನೆ ನೋಡಿ ಬರಲು ತಾವು ಒಬ್ಬ ಅಧಿಕಾರಿಯನ್ನು ಕಳಿಸಿದ್ದೂ ದೊಡ್ಡ ಮನಸ್ಸೇ. ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಹಲ್ಲು ಬರುವ ಸಂಕಟಕ್ಕೆ ಅತ್ತು ಅತ್ತು ಸುಸ್ತಾದ ಮಗು ಅಂತೂ ಕಣ್ಣು ಮುಚ್ಚಿತೆಂದು, ನಾನು ಬಾಗಿಲಿಗೆ ‘ಮಗು ಮಲಗಿದೆ, ದಯವಿಟ್ಟು ಬೆಲ್ ಒತ್ತಬೇಡಿ’ ಎಂಬ ಚೀಟಿ ಅಂಟಿಸಿ ಮಗುವಿನ ಪಕ್ಕದಲ್ಲೇ ಉರುಳಿಕೊಂಡೆ. ಹಾಲಿನವರು, ಕೊರಿಯರ್‌ನವರು, ಎದುರುಮನೆಯವರು ಯಾರೂ ಇಂದಿನವರೆಗೆ ಕ್ಯಾರೇ ಅನ್ನದ ಆ ಚೀಟಿಗೆ ತಮ್ಮ ಅಧಿಕಾರಿ ಪೂರ್ತಿ ಮರ್ಯಾದೆ ಕೊಟ್ಟು, ಸದ್ದಿಲ್ಲದೆ ಮೆಟ್ಟಿಲಿಳಿದು ಹೋಗಿ, ‘ಮನೆಯಲ್ಲಿ ಯಾರೂ ಇಲ್ಲ, ಕೈದಿಯನ್ನು ಬರಮಾಡಿಕೊಳ್ಳುವವರಿಲ್ಲ’ ಎಂದು ವರದಿ ಬರೆದರು. ಇಂಥ ಸಭ್ಯರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ?

ಆ ವರದಿಯ ಮೇಲೆ ತಾವು ಅರ್ಜಿಯನ್ನು ತಿರಸ್ಕರಿಸಿ, ಮುಂದಿನ ಪರಿಶೀಲನೆ ಮೂರು ವರ್ಷದ ನಂತರ ಎಂದು ಆದೇಶಿಸಿದ್ದೀರಿ. ವರದಿ ತಪ್ಪು ಎಂದು ಹೇಳಲು ಬಂದರೆ, ಅದನ್ನೂ ಮುಂದಿನ ಪರಿಶೀಲನೆಯಲ್ಲೇ ಪರಿಶೀಲಿಸುತ್ತೀರಂತೆ. ಅತ್ತೆಯವರು ಮಾತ್ರ ಆದೇಶವನ್ನು ಸುಲಭದ ಮಾತಿಗೆ ಇಳಿಸಿದ್ದಾರೆ: “ಜಡ್ಜ್ ಬರೆದಿದ್ದು ಸಾಲ್ಲಿಲ್ಲ ಅಂತ ನೀನೂ ಒಂದು ಚೀಟಿ ಬರೆದ್ಯೇನೇ ತಾಯಿ? ಡಿಗ್ರಿ ಓದಿದ್ದು ಇದಕ್ಕೇನಾ?” ಅಂದಿನಿಂದ ಮಗು ಮಲಗಿದರೂ ನನಗೆ ನಿದ್ದೆಯಿಲ್ಲ.

ಆದ್ದರಿಂದ ನನ್ನದೊಂದು ಸಣ್ಣ ಕೋರಿಕೆ. ಮೂರು ವರ್ಷದ ಅದೇ ಆದೇಶವನ್ನು ನನ್ನ ಮಗಳ ಮೇಲೂ ಜಾರಿ ಮಾಡಿ. ಅಲ್ಲಿಯವರೆಗೆ ಅವಳು ನಡೆಯಬಾರದು, ಮಾತು ಕಲಿಯಬಾರದು, ಭೇಟಿಯ ಕೋಣೆಯ ಗಾಜಿನಾಚೆಯಿಂದ ಕೈ ಬೀಸುವ ಅಪ್ಪನನ್ನು ಕಂಡು ಯಾರೋ ಹೊಸಬರೆಂದು ಕಿರುಚಬಾರದು. ಸದ್ಯಕ್ಕೆ ಅವಳು ಎರಡು ಗಂಟೆಗೊಮ್ಮೆ ಅರ್ಜಿ ಹಾಕುತ್ತಾಳೆ. ಪ್ರತಿ ಸಲವೂ ನಾನು ಎದ್ದು ಪರಿಶೀಲಿಸುತ್ತೇನೆ. ನೂರೆಂಟು ಜವಾಬ್ದಾರಿ ಹೊತ್ತ ತಮಗೆ ಅಷ್ಟಾಗದು, ಒಪ್ಪಿದೆ. ವರ್ಷಕ್ಕೊಮ್ಮೆಯಾದರೂ ಆದೀತೇ? ಅಧಿಕಾರಿ ಬರುವ ದಿನ ತಿಳಿಸಿದರೆ ಬಾಗಿಲು ಹಾರುಹೊಡೆದಿಟ್ಟು ಕಾಯುತ್ತೇನೆ. ಜೋರಾಗಿ ಅಳುವಂತೆ ಮಗುವಿಗೂ ಹೇಳಿಟ್ಟಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮನೆಯಲ್ಲೇ ಇದ್ದವಳು

ತಾ.ಕ.: ತಮ್ಮ ಅಧ್ಯಕ್ಷ ಹುದ್ದೆಯನ್ನು ಆರು ತಿಂಗಳಿಗೊಮ್ಮೆ ಮರುಪರಿಶೀಲಿಸಿ ಮುಂದುವರಿಸುತ್ತಾರೆಂದು ತಮ್ಮ ಕಚೇರಿಯ ಗುಮಾಸ್ತರಿಂದ ತಿಳಿದು ತುಂಬ ಸಂತೋಷವಾಯಿತು. ಆರು ತಿಂಗಳಲ್ಲಿ ಮನುಷ್ಯ ಬದಲಾಗಬಹುದೆಂಬ ನಂಬಿಕೆ ಸರ್ಕಾರಕ್ಕೆ ಒಬ್ಬರ ವಿಷಯದಲ್ಲಾದರೂ ಇದೆಯಲ್ಲ!