ರಕ್ತ ನುಡಿದ ಸಾಕ್ಷಿ

ಬೆಳಗ್ಗೆ ಎಂಟು ಗಂಟೆಗೆ, ಬಲಗೆನ್ನೆಯ ಕ್ಷೌರ ಮುಗಿದು ಎಡಗೆನ್ನೆಯ ಮೇಲೆ ಇನ್ನೂ ನೊರೆ ಇದ್ದಾಗ, ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರರ ಫೋನಿಗೆ ಒಂದು ಸಂದೇಶ ಬಂತು. 'ಇಂದು ಸಂಜೆ ನಾಲ್ಕಕ್ಕೆ ದಂಪತಿ ಸಮೇತ ಆಸ್ಪತ್ರೆಗೆ ಬನ್ನಿ. ಊಟದ ಡೈರಿ ತನ್ನಿ. ಕಳೆದ ವಾರ ಕೊಟ್ಟ ರಕ್ತವನ್ನು ಡೈರಿಯೊಂದಿಗೆ ಹೋಲಿಸಿ ನೋಡಲಾಗುವುದು.'

ಎಡಗೆನ್ನೆಯ ಕ್ಷೌರ ಆ ದಿನ ಆಗಲೇ ಇಲ್ಲ.

ಪೇಟೆಯ ವ್ಯಾಪಾರಿಗಳು ಅವರನ್ನು ತಕ್ಕಡಿ ಸಾಹೇಬರು ಎನ್ನುತ್ತಿದ್ದರು. ಒಂದು ಕಿಲೋ ತೂಕದ ಬಟ್ಟನ್ನು ಅಂಗೈಯಲ್ಲಿಟ್ಟುಕೊಂಡು ಹತ್ತು ಗ್ರಾಂ ಕಡಿಮೆ ಇದ್ದರೂ ಹೇಳಬಲ್ಲ ಮನುಷ್ಯ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಒಬ್ಬರಿಂದಲೂ ಒಂದು ಲೋಟ ಚಹಾ ಕುಡಿದವರಲ್ಲ. ಇಂಥವರು ಮೂರು ತಿಂಗಳಿಂದ ದಿನಾ ರಾತ್ರಿ ಊಟದ ಮೇಜಿನ ಮುಂದೆ ಕೂತು, ಗುಂಡಗಿನ ಅಕ್ಷರದಲ್ಲಿ ಸುಳ್ಳು ಬರೆಯುತ್ತಿದ್ದರು.

ಅವರ ತಂದೆ ಐವತ್ತೆರಡನೇ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆ ಏರಿ, ಹೃದಯವೂ ಕೈಕೊಟ್ಟು ತೀರಿಕೊಂಡಿದ್ದರು. ಸಾಹೇಬರಿಗೆ ಈಗ ಐವತ್ತೊಂದು. ಅವರಿಗಿಂತ ಹೆಚ್ಚಾಗಿ ಆ ಲೆಕ್ಕ ಹಾಕುತ್ತಿದ್ದವರು ಅವರ ಹೆಂಡತಿ. ಜನ ಏನು ತಿನ್ನುತ್ತಾರೆ, ಅವರ ರಕ್ತದಲ್ಲಿ ಏನೇನು ಸೇರುತ್ತದೆ, ಮುಂದೆ ಯಾರಿಗೆ ಯಾವ ಕಾಯಿಲೆ ಬರುತ್ತದೆ ಎಂದು ಹತ್ತು ವರ್ಷ ಬೆನ್ನುಹತ್ತಿ ನೋಡುವ ಅಧ್ಯಯನವೊಂದು ದೊಡ್ಡಾಸ್ಪತ್ರೆಯಲ್ಲಿ ಶುರುವಾದಾಗ ಗಂಡನನ್ನು ಎಳೆದುಕೊಂಡು ಹೋಗಿ ಇಬ್ಬರ ಹೆಸರನ್ನೂ ಬರೆಸಿದ್ದರು. ಬಾಯಿಗೆ ಹೋದದ್ದನ್ನೆಲ್ಲ ಡೈರಿಯಲ್ಲಿ ಬರೆಯಬೇಕು. ಪ್ರತಿ ಪುಟಕ್ಕೂ ಮನೆಯವರೊಬ್ಬರು ಸಾಕ್ಷಿ ಹಾಕಬೇಕು.

ಹೆಂಡತಿ ದಿನಾ ಡಬ್ಬಿಯಲ್ಲಿ ಬೇಯಿಸಿದ ಕಾಳು, ಸೊಪ್ಪು, ಹೆಚ್ಚಿದ ಹಸಿ ತರಕಾರಿ ತುಂಬಿ ಕೊಡುತ್ತಿದ್ದರು. ಆ ಡಬ್ಬಿ ದಿನಾ ಮಧ್ಯಾಹ್ನ ಕಚೇರಿಯಲ್ಲಿ ತಕ್ಕಡಿಗಳಿಗೆ ಮುದ್ರೆ ಒತ್ತುವ ಸೀಲು ಗುಮಾಸ್ತನ ಹೊಟ್ಟೆ ಸೇರುತ್ತಿತ್ತು. ಸಾಹೇಬರು ರಸ್ತೆ ದಾಟಿ ಎದುರಿನ ಬೇಕರಿಗೆ ಹೋಗುತ್ತಿದ್ದರು. ರಾತ್ರಿ ಡೈರಿಯಲ್ಲಿ 'ಕಾಳು ಒಂದು ಬಟ್ಟಲು, ಸೊಪ್ಪು ಒಂದು ಬಟ್ಟಲು' ಎಂದು ಬರೆಯುತ್ತಿದ್ದರು. ಹೆಂಡತಿ ಪಕ್ಕದಲ್ಲಿ ಕೂತು ಓದಿ, ತೃಪ್ತಿಯಿಂದ ಸಹಿ ಹಾಕುತ್ತಿದ್ದರು. ಆ ಸಹಿ ಬೀಳುವಾಗಲೆಲ್ಲ ಸಾಹೇಬರು ನಾಳೆಯಿಂದ ಬೇಕರಿ ಬಿಟ್ಟೆ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಳ್ಳುತ್ತಿದ್ದರು. ಮರುದಿನ ಹಸಿವಾಗುವ ಹೊತ್ತಿಗೆ ಅದು ಮರೆತುಹೋಗುತ್ತಿತ್ತು.

ಕಚೇರಿಗೆ ಹೊರಟವರು ಮನೆಯ ಕೆಳಗಿನ ಔಷಧಿ ಅಂಗಡಿಯವನ ಮುಂದೆ ನಿಂತರು.

"ಅಲ್ಲಪ್ಪಾ, ಯಾರೋ ಸ್ನೇಹಿತರು ಕೇಳ್ತಿದ್ರು. ರಕ್ತ ನೋಡಿದ್ರೆ ಏನು ತಿಂದಿದಾರೆ ಅಂತ ಗೊತ್ತಾಗುತ್ತಾ?"

"ಚೆನ್ನಾಗಿ ಗೊತ್ತಾಗುತ್ತೆ ಸಾರ್. ಸಕ್ಕರೆ, ಕೊಬ್ಬು ನೋಡೋದೆಲ್ಲ ಹಳೇದು. ಈಗ ನೂರಾರು ಸಣ್ಣ ಸಣ್ಣ ವಸ್ತು ಹುಡುಕ್ತಾರೆ. ತಿಂದಿದ್ದು ಕರಗಿದ ಮೇಲೂ ಅದರ ಹೆಜ್ಜೆ ಗುರುತು ಉಳ್ಕೊಂಡಿರುತ್ತೆ. ಬೆಣ್ಣೆದೊಂದು ಹೆಜ್ಜೆ, ಮೀನಿದೊಂದು ಹೆಜ್ಜೆ, ಸೊಪ್ಪಿದೊಂದು ಹೆಜ್ಜೆ. ಬಾಯಿ ಸುಳ್ಳು ಹೇಳ್ಬೋದು, ರಕ್ತ ಹೇಳಲ್ಲ." ಅವನು ಬಗ್ಗಿ ನೋಡಿದ. "ನಿಮ್ಮ ಸ್ನೇಹಿತರಿಗೂ ಹೀಗೇ ಅರ್ಧ ಮುಖ ಕ್ಷೌರ ಆಗಿದೆಯಾ ಸಾರ್?"

ಕಚೇರಿ ತಲುಪುವಷ್ಟರಲ್ಲಿ ಸಾಹೇಬರ ಮುಖ ಹಿಂಡಿದ ಬಟ್ಟೆಯಾಗಿತ್ತು. ಸೀಲು ಗುಮಾಸ್ತ ವಿಷಯ ಕೇಳಿ, ಮೊದಲು ಡಬ್ಬಿಯ ಕಡೆ ನೋಡಿದ. ಮೂರು ತಿಂಗಳಲ್ಲಿ ಅವನ ಹೊಟ್ಟೆ ಕರಗಿ, ಪ್ಯಾಂಟಿಗೆ ಹೊಸ ಬೆಲ್ಟು ಬಂದಿತ್ತು.

"ಬೈಗುಳ ತಿಂದ್ರೆ ತಿಂದೆ, ಅದಕ್ಕಲ್ಲಪ್ಪಾ ಹೆದರಿಕೆ," ಎಂದರು ಸಾಹೇಬರು. "ಅವಳು ಬೆಳಗ್ಗೆ ಐದಕ್ಕೆ ಎದ್ದು ಆ ಸೊಪ್ಪು ಸೋಸ್ತಾಳೆ. ದಿನಾ ನನ್ನ ನಂಬಿ ಸಹಿ ಹಾಕಿದಾಳೆ. ಆಸ್ಪತ್ರೆಯ ಡಾಕ್ಟರಮ್ಮನ ಮುಂದೆ ಅವಳ ಮುಖ ನೋಡೋದು ಹೇಗೆ?"

"ರಕ್ತ ಬದಲಾಯಿಸೋಕಾಗಲ್ಲ. ಡೈರಿ ಬದಲಾಯಿಸ್ಬೋದಲ್ಲ ಸಾರ್? ಹೆಸರು ಬರೆಸಿದ ದಿನ ಆಸ್ಪತ್ರೆಯವರು ಇನ್ನೊಂದು ಖಾಲಿ ಡೈರಿ ಕೊಟ್ಟಿದ್ರು, ನಿಮ್ಮ ಮೇಜಿನ ಡ್ರಾಯರಲ್ಲೇ ಇದೆ. ಅದರಲ್ಲಿ ನಿಜ ಬರೀರಿ. ಅಮ್ಮಾವ್ರಿಗಿಂತ ಮುಂಚೆ ಹೋಗಿ ಡಾಕ್ಟರಮ್ಮನ ಕೈಗೆ ಕೊಟ್ಟು, ಗುಟ್ಟಾಗಿ ಇಟ್ಕೊಳ್ಳಿ ಅನ್ನಿ. ರಕ್ತಕ್ಕೂ ಡೈರಿಗೂ ತಾಳೆ ಆಯ್ತು ಅಂದ್ರೆ ಡಾಕ್ಟರಮ್ಮ ಯಾಕೆ ಬಾಯಿ ಬಿಡ್ತಾರೆ?"

ಸುಳ್ಳನ್ನು ಮುಚ್ಚಲು ನಿಜ ಬರೆಯುವುದು! ಸಾಹೇಬರಿಗೆ ಇದು ಕಾನೂನಿಗೂ ಒಪ್ಪುವ ದಾರಿಯಾಗಿ ಕಂಡಿತು. ಆದರೆ ಪೆನ್ನು ಹಿಡಿದು ಕೂತರೆ ನಿಜ ನೆನಪಿಗೇ ಬರಲೊಲ್ಲದು. ತೊಂಬತ್ತು ದಿನ! ನಿನ್ನೆ ತಿಂದದ್ದು ಕ್ರೀಮ್ ಬನ್ನು. ಮೊನ್ನೆ? ಆಚೆ ಮೊನ್ನೆ?

"ನಾವು ತಿಂದಿದ್ದು ನಮಗೆ ಮರೆತುಹೋಗುತ್ತೆ ಸಾರ್, ಕೊಟ್ಟವರಿಗೆ ಮರೆಯಲ್ಲ," ಎಂದ ಗುಮಾಸ್ತ.

ಇಬ್ಬರೂ ಬೇಕರಿಗೆ ನುಗ್ಗಿದರು. ಮಧ್ಯಾಹ್ನದ ಹೊತ್ತು, ಗಿಜಿಗಿಜಿ ಜನ. ಬೇಕರಿಯಾಕೆ ಗಲ್ಲಾದ ಹಿಂದೆ ಬ್ರೆಡ್ಡಿನ ಹಿಟ್ಟಿನಂತೆ ಉಬ್ಬಿಕೊಂಡು ನಿಂತಿದ್ದಳು.

"ಅಕ್ಕಾ," ಸಾಹೇಬರು ದನಿ ತಗ್ಗಿಸಿದರು, "ಮೂರು ತಿಂಗಳಲ್ಲಿ ನಾನು ಏನೇನು ತಿಂದೆ ಅಂತ ಸ್ವಲ್ಪ ಹೇಳ್ತೀಯಾ?"

ಆಕೆಗೆ ತಗ್ಗಿದ ದನಿ ಎಂಬುದೇ ಇರಲಿಲ್ಲ. "ಹೇಳೋದೇನು ಸಾಹೇಬ್ರೇ! ಸೋಮವಾರ ಎರಡು ಕ್ರೀಮ್ ಬನ್ನು. ಮಂಗಳವಾರ ಆಲೂಗಡ್ಡೆ ಚಿಪ್ಸು ಎರಡು ಪೊಟ್ಟಣ. ಬುಧವಾರ ಬೆಣ್ಣೆ ಬಿಸ್ಕತ್ತು, ಒಂದು ಬನ್ನು. ನಿಮ್ಮದು ವಾರದ ಪಂಚಾಂಗ ಇದ್ದ ಹಾಗೆ."

"ಜೋರು ಮಳೆ ಬಂದ ದಿನ ಮೂರು ಬನ್ನು," ಎಂದಳು ಸಾಲಿನಲ್ಲಿ ನಿಂತಿದ್ದ ಶಾಲಾ ಟೀಚರು. "ನಾನೇ ನೋಡಿದೀನಿ."

"ಮೇಲಿನ ಸಾಹೇಬ್ರು ಬೈದ ದಿನ ನಾಕು," ಎಂದ ಗುಮಾಸ್ತ.

"ನೀನು ಯಾರ ಕಡೆ ಇದೀಯೋ?"

ಅಷ್ಟರಲ್ಲಿ ಹಿಂದಿನಿಂದ ಒಂದು ಗಂಟಲು ಕೆಮ್ಮಿತು. ಹೋದ ವಾರವಷ್ಟೇ ಸಾಹೇಬರು ತಕ್ಕಡಿ ಜಪ್ತಿ ಮಾಡಿದ್ದ ಈರುಳ್ಳಿ ವ್ಯಾಪಾರಿ. ಡೈರಿಯ ಮೇಲಿನ ಆಸ್ಪತ್ರೆಯ ಹೆಸರನ್ನೂ ಒಳಗಿನ ಖಾಲಿ ಪುಟಗಳನ್ನೂ ಅವನು ಕತ್ತು ಚಾಚಿ ನೋಡಿದ್ದ.

"ಓಹೋಹೋ! ನನ್ನ ತಕ್ಕಡಿಯಲ್ಲಿ ಇಪ್ಪತ್ತು ಗ್ರಾಂ ವ್ಯತ್ಯಾಸ ಇತ್ತು ಸ್ವಾಮಿ. ನಿಮ್ಮ ಡೈರೀಲಿ ಬನ್ನಿಗೆ ಬನ್ನೇ ಮಾಯ ಆಗಿತ್ತಾ? ಇದಕ್ಕೆ ಯಾರು ಸೀಲು ಹಾಕೋದು?"

ಬೇಕರಿಯೆಲ್ಲ ನಕ್ಕಿತು. ಸಾಹೇಬರ ಕ್ಷೌರವಾದ ಕೆನ್ನೆ ಕೆಂಪಾಯಿತು. ಇನ್ನೊಂದು ಕೆನ್ನೆಯೂ ಆಗಿರಬೇಕು, ಕಾಣಲಿಲ್ಲ. ಆದರೂ ಪೆನ್ನು ನಿಲ್ಲಿಸಲಿಲ್ಲ. ಟೀಚರು ತಾರೀಖು ನೆನಪಿಸಿದಳು, ಈರುಳ್ಳಿ ವ್ಯಾಪಾರಿ ಖುಷಿಯಿಂದ ಬನ್ನುಗಳನ್ನು ಕೂಡಿಸಿ ಹೇಳಿದ, ಗುಮಾಸ್ತ ಗೆರೆ ಎಳೆದುಕೊಟ್ಟ. ಊರೇ ಸೇರಿ ಒಬ್ಬ ಮನುಷ್ಯನ ಪಾಪವನ್ನು ಪುಟಕ್ಕಿಳಿಸಿತು.

ಇದೆಲ್ಲ ಯಾಕೆಂದು ಗುಮಾಸ್ತ ಬಾಯಿಬಿಟ್ಟಾಗ ಮಾತ್ರ ಬೇಕರಿಯಾಕೆಯ ಮುಖ ಸಣ್ಣಗಾಯಿತು.

"ರಕ್ತ ನೋಡ್ತಾರಾ? ಹಾಗಾದ್ರೆ ಇದೆಲ್ಲ ಬರೀಬೇಡಿ ಸಾಹೇಬ್ರೇ."

"ಯಾಕಮ್ಮ?"

"ಯಾಕೋ ಏನೋ. ಬೇಡ ಅಂದೆ ಅಷ್ಟೆ." ಆಕೆ ಒಲೆಯ ಕಡೆ ಹೋದವಳು ತಿರುಗಿ ಬರಲೇ ಇಲ್ಲ. ತನ್ನ ಅಂಗಡಿಗೆ ಕೆಟ್ಟ ಹೆಸರು ಬರುತ್ತದೆಂದು ಹೆದರಿದ್ದಾಳೆ, ಪಾಪ ಎಂದುಕೊಂಡರು ಸಾಹೇಬರು.

ಮೂರೂವರೆಗೆ ಬೆವರು ಒರೆಸಿಕೊಳ್ಳುತ್ತ ಆಸ್ಪತ್ರೆಯ ಮೂರನೆಯ ಮಹಡಿ ಹತ್ತಿದರು. ಬಾಗಿಲು ತಳ್ಳಿದರೆ, ಡಾಕ್ಟರಮ್ಮನ ಎದುರು ಆಗಲೇ ಹೆಂಡತಿ ಕೂತಿದ್ದರು. ತೊಡೆಯ ಮೇಲೆ ಎರಡು ಡೈರಿ, ತಮ್ಮದೊಂದು, ಗಂಡನದೊಂದು.

"ಬನ್ರೀ. ಲೇಟಾಗುತ್ತೇನೋ ಅಂತ ನಾನೇ ಬೇಗ ಬಂದೆ. ಇದೇನ್ರೀ ಮುಖ?"

ಸಾಹೇಬರು ಮುಖದ ಮಾತು ಬಿಟ್ಟು, ಕಂಕುಳಲ್ಲಿದ್ದ ಡೈರಿಯನ್ನು ಮೇಜಿನ ಮೇಲೆ ಜಾರಿಸಿದರು. ಹೆಂಡತಿಗೆ ಕಾಣದಂತೆ ಡಾಕ್ಟರಮ್ಮನಿಗೆ ಕಣ್ಣು ಮಿಟುಕಿಸಿದರು. ಜೀವಮಾನದಲ್ಲಿ ಕಣ್ಣು ಮಿಟುಕಿಸಿ ಅಭ್ಯಾಸವಿಲ್ಲದ್ದರಿಂದ ಎರಡೂ ಕಣ್ಣು ಮುಚ್ಚಿದವು.

"ತಲೆ ಸುತ್ತುತ್ತಾ?" ಎಂದು ಕೇಳಿ ಡಾಕ್ಟರಮ್ಮ ಡೈರಿ ತೆರೆದರು. ಒಂದು ಪುಟ ಓದಿದರು, ಎರಡು ಓದಿದರು. ರಕ್ತದ ವರದಿ ನೋಡಿದರು. ಮತ್ತೆ ಡೈರಿ ನೋಡಿದರು.

"ಯಜಮಾನ್ರೇ, ಇದು ಸುಳ್ಳು."

"ಅಯ್ಯೋ, ಇದೇ ನಿಜ!" ಸಾಹೇಬರ ಬಾಯಿಂದ ಬಂದುಬಿಟ್ಟಿತು.

"ವಾರಕ್ಕೆ ಎಂಟು ಕ್ರೀಮ್ ಬನ್ನು ತಿಂದವರ ರಕ್ತ ಹೀಗಿರಲ್ಲ. ಹೊಟ್ಟು ತೆಗೀದ ಗೋಧಿ ತಿಂದವರಲ್ಲಿ ಕಾಣೋ ವಸ್ತು ಇಲ್ಲಿ ಬೇಕಾದಷ್ಟಿದೆ. ಕುಂಬಳಕಾಯಿ, ಕ್ಯಾರೆಟ್ಟು ತಿಂದ ಗುರುತಿದೆ. ಕಾಳಿದೂ ಇದೆ. ಬೆಣ್ಣೆ ಸುಳಿವೇ ಇಲ್ಲ. ನಿಮ್ಮ ತಂದೆಯವರ ಕಾಯಿಲೆ ನಿಮಗೂ ಬರೋ ಸಂಭವ ಹೋದ ಸಲಕ್ಕಿಂತ ಕಡಿಮೆ ಕಾಣ್ತಿದೆ. ಒಳ್ಳೇ ಊಟ ಮಾಡಿ ಯಾಕೆ ಕೆಟ್ಟದ್ದು ಅಂತ ಬರೆದ್ರಿ?"

ಸಾಹೇಬರು ಕುರ್ಚಿಯಲ್ಲಿ ಕುಸಿದರು. ತಾನು ತಿಂದದ್ದು ತನಗೆ ಗೊತ್ತಿಲ್ಲವೇ? ಬೇರೆ ಯಾರದೋ ರಕ್ತವೇ? ಪಕ್ಕದಲ್ಲಿ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

"ಅವರದೇ ರಕ್ತ ಡಾಕ್ಟ್ರೇ," ಎಂದರು ಮೆಲ್ಲಗೆ. "ಆ ಬನ್ನು ನಾನು ಮಾಡಿಸಿದ್ದು."

"ಏನಂದೆ?"

"ಡೈರಿ ಶುರುವಾದ ನಾಲ್ಕನೇ ದಿನ ಮೀಸೆ ತುಂಬ ಸಕ್ಕರೆ ಪುಡಿ ಹೊತ್ಕೊಂಡು ಮನೆಗೆ ಬಂದ್ರಿ. 'ಕಾಳು ಬಹಳ ಚೆನ್ನಾಗಿತ್ತು ಕಣೇ' ಅಂದ್ರಿ. ಮಾರನೇ ದಿನವೇ ನಾನು ಬೇಕರಿಗೆ ಹೋದೆ. ಹೊಟ್ಟು ಸಮೇತ ಗೋಧಿ ಹಿಟ್ಟು, ಅರೆದ ಕಾಳು, ಬೇಯಿಸಿದ ಕುಂಬಳಕಾಯಿ ಎಲ್ಲ ಕಲಸಿ ನಾನೇ ಕೊಟ್ಟು ಬರ್ತಿದ್ದೆ. ಒಳಗೆ ಕೆನೆ ತೆಗೆದ ಮೊಸರು. ನಿಮ್ಮ ಬಿಸ್ಕತ್ತಿಗೂ ಅದೇ ಹಿಟ್ಟು. ಚಿಪ್ಸು ಕ್ಯಾರೆಟ್ಟಿಂದು, ಎಣ್ಣೆ ಮುಟ್ಟಿಸಿಲ್ಲ."

"ರುಚಿ ಯಾಕೋ ಬೇರೆ ಅನಿಸ್ತಿದೆ ಅಂದ್ರೆ, ಹೊಸ ಒಲೆ ಅಂದಳಲ್ಲೇ ಆ ಪುಣ್ಯಾತ್ಗಿತ್ತಿ!"

"ನಿಮಗೆ ಹೇಳಿದ್ರೆ ತಿಂತಿದ್ರಾ? ಮನೇಲಿ ಬಟ್ಟಲಲ್ಲಿಟ್ರೆ ಕಾಳು ಗಂಟಲಲ್ಲಿ ಇಳಿಯಲ್ಲ. ಕದ್ದು ತಿಂದ್ರೆ ಹಾಗಲಕಾಯೂ ಸಿಹಿ ನಿಮಗೆ."

ಅಂಗೈಯಲ್ಲಿ ಹತ್ತು ಗ್ರಾಂ ಹಿಡಿಯಬಲ್ಲ ಮನುಷ್ಯ, ನಾಲಿಗೆಯ ಮೇಲೆ ಇಡೀ ಕುಂಬಳಕಾಯಿ ಹಿಡಿಯಲಾರದೆ ಹೋಗಿದ್ದರು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಮೂರು ತಿಂಗಳು ಹೆದರಿ, ಬೆವರಿ, ಸುಳ್ಳು ಬರೆದು ಮಾಡಿದ ಪಾಪ, ಕೊನೆಗೆ ನೋಡಿದರೆ ಪಾಪವೇ ಅಲ್ಲ! ಕಳ್ಳನೆಂಬ ಹೆಸರು ಮಾತ್ರ ಉಳಿಯಿತು, ಕದ್ದ ಮಾಲು ಕೈಗೆ ಸಿಗಲಿಲ್ಲ.

"ಇಂಥ ಹೆಂಡತಿ ಪಡೆಯೋಕೆ ಪುಣ್ಯ ಮಾಡಿರ್ಬೇಕು," ಎಂದು ನಗುತ್ತ ಡಾಕ್ಟರಮ್ಮ ಇನ್ನೊಂದು ಡೈರಿ ಎಳೆದುಕೊಂಡರು. "ಈಗ ನಿಮ್ಮದು ನೋಡೋಣಮ್ಮ. ಕಾಳು, ಸೊಪ್ಪು, ಕಾಳು, ಸೊಪ್ಪು. ಭೇಷ್." ವರದಿ ತೆರೆದರು. ನಗು ನಿಂತಿತು. "ಇದೇನಮ್ಮಾ ಇದು? ಬೆಣ್ಣೆ. ಕೆನೆ. ಸಕ್ಕರೆ ಬೇರೆ ಗಡಿ ಮುಟ್ಟಿದೆ."

ಕುಸಿದಿದ್ದ ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು.

"ಅದೂ..." ಹೆಂಡತಿಯ ದನಿ ಸೆರಗಿನೊಳಗಿಂದ ಬಂತು. "ಹಿಟ್ಟು ಕೊಡೋಕೆ ಹೋದಾಗ, 'ಬರಿಬಾಯಲ್ಲಿ ಹೋಗ್ಬೇಡಿ ಅಮ್ಮಾವ್ರೇ' ಅಂತ ಬೇಕರಿಯಾಕೆ ಒಂದು ಬನ್ನು ಕೈಗೆ ಕೊಡ್ತಿದ್ಲು. ಅಸಲಿದು. ಬೇಡ ಅಂದ್ರೆ ಏನಂದ್ಕೊಳ್ತಾಳೆ?"

"ವಾರಕ್ಕೆ ಎಷ್ಟು ಸಲ ಹೋಗ್ತಿದ್ರಿ?"

"ಒಂದೇ ಸಲ." ಆಮೇಲೆ ಸೇರಿಸಿದರು, "ಮೊದಮೊದಲು."

ಸಾಹೇಬರಿಗೆ ಎದ್ದು ಕುಣಿಯಬೇಕೆನ್ನಿಸಿತು. ಇಪ್ಪತ್ತಾರು ವರ್ಷದಲ್ಲಿ ಇಂಥ ಕಳ್ಳ ತೂಕ ಸಿಕ್ಕಿರಲಿಲ್ಲ! ಬಾಯಿ ತೆರೆದವರು ಹೆಂಡತಿಯ ಕೈ ನೋಡಿದರು. ಬೆರಳಿಗೆ ಸುತ್ತಿದ ಸೆರಗು ಬಿಗಿದು ಗಂಟಾಗಿತ್ತು. ತಂದೆಯ ಕೊನೆಯ ದಿನಗಳು ಕಣ್ಣೆದುರು ಬಂದವು. ತೆರೆದ ಬಾಯಿಂದ ಬಂದದ್ದು ಬೇರೆಯೇ ಮಾತು.

"ಇವಳಿಗೇನೂ ಆಗಲ್ಲ ಅಲ್ವಾ ಡಾಕ್ಟ್ರೇ?"

"ಕಾಯಿಲೆ ಇನ್ನೂ ಮನೆಯೊಳಗೆ ಬಂದಿಲ್ಲ. ಹೊಸಿಲ ಹತ್ರ ಚಪ್ಪಲಿ ಬಿಡ್ತಿದೆ ಅಷ್ಟೆ. ಈಗಲೇ ವಾಪಸ್ ಕಳಿಸ್ಬೋದು. ಇಬ್ಬರೂ ಒಂದೇ ಡಬ್ಬಿ ಊಟ ಮಾಡಿ. ಬೇಕರಿ ಇಬ್ಬರಿಗೂ ಬಂದ್. ಒಬ್ಬರನ್ನೊಬ್ಬರು ಕಾಯ್ಕೊಳ್ಳಿ."

"ನನ್ನ ರಕ್ತ ಚೆನ್ನಾಗಿದೆಯಲ್ಲ," ಸಾಹೇಬರು ಕೊನೆಯ ಆಸೆಯಿಂದ ಕೇಳಿದರು. "ಆ ಕುಂಬಳಕಾಯಿ ಬನ್ನಾದ್ರೂ..."

"ಗುಟ್ಟು ಹೊರಬಿತ್ತಲ್ಲ, ಇನ್ನು ಇವರಿಗ್ಯಾಕೆ ಅಷ್ಟು ಶ್ರಮ? ನೇರವಾಗಿ ಕಾಳೇ ತಿನ್ನಿ."

ಇಬ್ಬರೂ ನಡೆದೇ ಮನೆಗೆ ಹೊರಟರು. ದಾರಿ ಬೇಕರಿಯ ಮುಂದೆಯೇ ಹಾದುಹೋಗುತ್ತಿತ್ತು. ಸಂಜೆಯ ಬನ್ನು ಆಗತಾನೇ ಒಲೆಯಿಂದ ಇಳಿದಿತ್ತು. ಬೆಣ್ಣೆಯ ಘಮ ಅರ್ಧ ರಸ್ತೆಗೇ ಬಂದು ಎದುರುಗೊಂಡಿತು. ಸಾಹೇಬರ ಹೆಜ್ಜೆ ನಿಧಾನವಾಯಿತು. ಹೆಂಡತಿಯದೂ ಆಯಿತು.

"ಏನೇ, ಅಸಲಿದು ಈಗಲೂ ಮೊದಲಿನ ಹಾಗೇ ಇದೆಯಾ?"

"ಬೇಡ ಬಿಡ್ರೀ. ಕೇಳಿದ್ರೆ ಹೊಟ್ಟೆ ಉರ್ಕೊಳ್ತೀರಿ."

ಸಾಹೇಬರು ಹೆಂಡತಿಯ ಕೈ ಹಿಡಿದರು. ಹೆಂಡತಿ ಇನ್ನೂ ಗಟ್ಟಿಯಾಗಿ ಹಿಡಿದರು.

ಎದುರಿಗೆ ಬರುತ್ತಿದ್ದ ಹೊಸ ಮದುಮಗಳಂಥ ಹುಡುಗಿಯೊಬ್ಬಳು ಗಂಡನ ಪಕ್ಕೆಗೆ ತಿವಿದಳು. "ನೋಡಿ, ಈ ವಯಸ್ಸಲ್ಲೂ ಎಷ್ಟು ಪ್ರೀತಿ! ಕೈ ಬಿಡ್ತಾನೇ ಇಲ್ಲ."

ಬಿಡುವಂತಿರಲಿಲ್ಲ. ಬಿಟ್ಟರೆ ಇನ್ನೊಬ್ಬರು ಯಾವ ಕಡೆ ಓಡುತ್ತಾರೆಂದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು.